ಎಷ್ಟು ಅಡಿಗೆ ನಿಲ್ಲಿಸೋದು? ಸಣ್ಣ ದೊಡ್ಡ ತೀರ್ಮಾನಗಳಿಗೊಂದು ಕೈಪಿಡಿ

ರಾತ್ರಿ ಒಂದೂವರೆ. ನಮ್ಮ ಹೊಲದಲ್ಲಿ ಬೋರ್ ಗಾಡಿ ನಿಂತಿದೆ. ತಿರುಚೆಂಗೋಡು ಕಡೆಯದು, ಬೋರ್ ಕೊರೆಯುವ ಲಾರಿಗಳಿಗೆ ತಮಿಳುನಾಡಿನ ಆ ಊರೇ ತವರು. ಕಂಪ್ರೆಸರ್ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿಲ್ಲ. ಬೂದು ಧೂಳು ಎದ್ದು ಅಪ್ಪನ ಮೀಸೆ, ಹುಬ್ಬು, ಹೆಗಲ ಮೇಲಿನ ಟವೆಲ್ಲು ಎಲ್ಲ ಒಂದೇ ಬಣ್ಣವಾಗಿವೆ. 500 ಅಡಿ ಮುಗಿಯಿತು. ಆಪರೇಟರ್ ಮಿಷನ್ನು ನಿಲ್ಲಿಸಿ ಕೈಸನ್ನೆಯಲ್ಲೇ ಕೇಳಿದ: ಮುಂದಕ್ಕಾ, ಸಾಕಾ?

500ಕ್ಕೆ ನಿಲ್ಲಿಸೋದು ಅಂತ ಮನೆಯಲ್ಲಿ ಮಾತಾಗಿತ್ತು. ಆದರೆ 480ರ ಹತ್ತಿರ ಪುಡಿ ಒಂಚೂರು ಹಸಿಯಾಗಿ ಬಂದಿತ್ತು. ಅಪ್ಪ ಅದನ್ನು ಅಂಗೈಯಲ್ಲಿ ಹಿಂಡಿ ಹಿಂಡಿ ನೋಡುತ್ತಿದ್ದರು. ಚಿಕ್ಕಪ್ಪ, "ಇಷ್ಟು ಹೊಡ್ಸಿ ಈಗ ಬಿಡ್ತೀಯಾ ಅಣ್ಣ? ಇನ್ನೆರಡು ರಾಡ್ ಇಳಿಸ್ಸು, ನೋಡಾನ" ಅಂದರು. ಎರಡು ರಾಡ್, ಅಂದರೆ ನಲವತ್ತು ಅಡಿ ಕೊರೆಯುವ ಕೊಳವೆ, ಇಳಿಯಿತು. ಆಮೇಲೆ ಇನ್ನೆರಡು. ಕೋಳಿ ಕೂಗುವ ಹೊತ್ತಿಗೆ 820 ಅಡಿ. ಒಣ ಧೂಳು. ಆಳಕ್ಕೆ ಹೋದಂತೆ ಅಡಿಗಿಷ್ಟು ಅನ್ನುವ ದರವೂ ನೂರು ನೂರು ಅಡಿಗೆ ಏರುತ್ತಾ ಹೋಗುತ್ತದೆ. ಹಾಗಾಗಿ ಕೊನೆಯ 320 ಅಡಿ ನುಂಗಿದ ದುಡ್ಡು ಮೊದಲ 500 ಅಡಿಯ ಖರ್ಚಿನ ಹತ್ತಿರಕ್ಕೇ ಬಂದುಬಿಟ್ಟಿತ್ತು.

ಅಪ್ಪ ದಡ್ಡರಲ್ಲ. ಸಂತೆಯಲ್ಲಿ ಹಸುವಿನ ಹಲ್ಲು ನೋಡಿ ವಯಸ್ಸು ಹೇಳುವವರು. ಆದರೆ ಯಾವ ತೀರ್ಮಾನವನ್ನು ಹಗಲಲ್ಲಿ, ಹೊಟ್ಟೆ ತುಂಬಿದ ಹೊತ್ತಲ್ಲಿ, ಹಾಳೆಯ ಮೇಲೆ ಮಾಡಬೇಕಿತ್ತೋ ಅದನ್ನು ನಡುರಾತ್ರಿ ಧೂಳಿನ ಮಧ್ಯೆ ಮಾಡಿದರು. ಆಮೇಲೆ ನಾನು ಇದರ ಬಗ್ಗೆ ಒಂದಷ್ಟು ಓದಿದೆ. ಓದಿದ್ದರಲ್ಲಿ ನನಗೂ ನಮ್ಮ ಮನೆಗೂ ಉಪಯೋಗಕ್ಕೆ ಬಂದದ್ದನ್ನು ಮಾತ್ರ ಇಲ್ಲಿ ಇಡುತ್ತಿದ್ದೇನೆ.

ಕತ್ತರಿ ಬಿದ್ದಿದೆಯಾ, ಇಲ್ಲವಾ?

ಮೊದಲು ಮಾಡಬೇಕಾದದ್ದು ವಿಂಗಡಣೆ. ದೊಡ್ಡ ತೀರ್ಮಾನ ಯಾವುದು, ಸಣ್ಣದು ಯಾವುದು ಅನ್ನುವುದನ್ನು ನಾವು ದುಡ್ಡಿನಲ್ಲಿ ಅಳೆಯುತ್ತೇವೆ. ಅದು ಅರ್ಧ ಸರಿ. ಬಟ್ಟೆ ಅಂಗಡಿಗೆ ಹೋಗಿ ನೋಡಿ: ಸೀರೆಯನ್ನು ಬಿಲ್ ಸಮೇತ ವಾಪಸ್ ತಂದರೆ ಗೊಣಗುತ್ತಲಾದರೂ ಬದಲಾಯಿಸಿ ಕೊಡುತ್ತಾರೆ. ಥಾನಿನಿಂದ ಕತ್ತರಿಸಿದ ಬ್ಲೌಸ್ ಪೀಸನ್ನು ಮುಟ್ಟುವುದೂ ಇಲ್ಲ. ಬೆಲೆಯಲ್ಲಿ ಸೀರೆ ಎಷ್ಟೋ ಪಟ್ಟು ದೊಡ್ಡದು. ಆದರೆ ಕತ್ತರಿ ಬಿದ್ದಿರುವುದು ಬ್ಲೌಸ್ ಪೀಸಿಗೆ.

ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ: ಇದು ಸರಿಹೋಗದಿದ್ದರೆ ವಾಪಸ್ ಬರಲು ಏನು ಖರ್ಚು? ಹೊಸ ಬಾಡಿಗೆ ಮನೆ, ಮಗುವಿಗೆ ಸಂಗೀತದ ಕ್ಲಾಸು, ಹೊಸ ಫೋನು ಇವೆಲ್ಲ ಹಿಂದೆ ಬರಬಹುದಾದವು. ಅಡ್ವಾನ್ಸಿನಲ್ಲಿ ಒಂದಿಷ್ಟು ಪೇಂಟಿಂಗ್ ಚಾರ್ಜು ಅಂತ ಹಿಡಿದುಕೊಂಡಾರು, ಅಷ್ಟೇ. ಹೊಲ ಮಾರುವುದು, ಮದುವೆ, ಇನ್ನೊಬ್ಬರ ಸಾಲಕ್ಕೆ ಜಾಮೀನು ಸಹಿ ಹಾಕುವುದು, ಇವಕ್ಕೆ ಕತ್ತರಿ ಬೀಳುತ್ತದೆ. ಅದರಲ್ಲೂ ಜಾಮೀನು. ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಸಹಿ ಹಾಕಿ ಎದ್ದು ಬರುತ್ತೇವೆ, ಅದೇ ದಿನ ಟಿವಿ ಕೊಳ್ಳಲು ನಾಲ್ಕು ಅಂಗಡಿ ತಿರುಗುತ್ತೇವೆ.

ಕೆಲವಕ್ಕೆ ಕತ್ತರಿ ಬೀಳುವುದನ್ನು ಮುಂದೂಡಲೂ ಬರುತ್ತದೆ. ಊರಿಗೆ ವಾಪಸ್ ಹೋಗಿ ತೋಟ ಮಾಡುತ್ತೇನೆ ಅನ್ನುವವರು ಕೆಲಸ ಬಿಡುವ ಮುಂಚೆ ಒಂದು ಬೇಸಿಗೆ, ಒಂದು ಮಳೆಗಾಲ ರಜೆ ಹಾಕಿ ಅಲ್ಲೇ ಇದ್ದು ನೋಡಬಹುದು. ದರ್ಜಿ ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಅಳತೆ ನೋಡಿದ ಹಾಗೆ.

ಸಣ್ಣದಕ್ಕೆ "ಸಾಕು"

ವಾಪಸ್ ಬರಬಹುದಾದವಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ ಅವರ ವಾದವೇ ಇದು: ಮನುಷ್ಯನಿಗೆ ಇರುವ ಸಮಯ, ಮಾಹಿತಿ, ಬುದ್ಧಿ ಮೂರೂ ಸೀಮಿತ. ಎಲ್ಲಕ್ಕಿಂತ ಒಳ್ಳೆಯದನ್ನು ಹುಡುಕುತ್ತಾ ಕೂರುವ ಬದಲು ಮನಸ್ಸಿನಲ್ಲಿ ಒಂದು ಮಟ್ಟ ಇಟ್ಟುಕೊಂಡು, ಆ ಮಟ್ಟ ಮುಟ್ಟಿದ ಮೊದಲನೆಯದನ್ನು ಆರಿಸಿಕೊಳ್ಳುತ್ತಾನೆ. ಇದಕ್ಕೆ ಅವರು ಸ್ಯಾಟಿಸ್ಫೈಸಿಂಗ್ ಅನ್ನುವ ಪದ ಬಳಕೆಗೆ ತಂದರು. ನಮಗೆ ಅಷ್ಟು ಕಷ್ಟ ಇರಲಿಲ್ಲ, "ಸಾಕು" ಅನ್ನುವ ಮಾತಿತ್ತು. ಊಟದೆಲೆಯ ಮುಂದೆ ದಿನಾ ಹೇಳುತ್ತೇವೆ, ಅಂಗಡಿಯಲ್ಲಿ ಮರೆಯುತ್ತೇವೆ.

ಮಾಡುವ ಕ್ರಮ ಸುಲಭ. ಮಿಕ್ಸಿ ಕೊಳ್ಳಬೇಕು ಅಂದುಕೊಳ್ಳಿ. ಹೊರಡುವ ಮುಂಚೆ ಮೂರು ಷರತ್ತು ಬರೆಯಿರಿ: ಇಷ್ಟರೊಳಗೆ ಬೆಲೆ, ದೋಸೆ ಹಿಟ್ಟು ರುಬ್ಬಬೇಕು, ರಿಪೇರಿ ಮಾಡುವವರು ನಮ್ಮ ಊರಲ್ಲೇ ಇರಬೇಕು. ಮೂರಕ್ಕೂ ಹೊಂದಿದ ಮೊದಲನೆಯದನ್ನು ತಂದುಬಿಡಿ. ತಂದ ಮೇಲೆ ಫೋನಿನಲ್ಲಿ ಬೇರೆ ಕಡೆಯ ಬೆಲೆ ನೋಡಬೇಡಿ. ಇದೇ ಕಷ್ಟದ ಭಾಗ. ನಾನು ಇವತ್ತಿಗೂ ನೋಡುತ್ತೇನೆ, ಇನ್ನೂರು ರೂಪಾಯಿಗೆ ಹೊಟ್ಟೆ ಉರಿಸಿಕೊಳ್ಳುತ್ತೇನೆ.

ದಿನಾ ಬರುವ ತೀರ್ಮಾನವನ್ನು ಒಂದೇ ಸಲ ಮಾಡಿ ಮುಗಿಸುವುದೂ ಒಂದು ಉಪಾಯ. ಸೋಮವಾರ ಉಪ್ಪಿಟ್ಟು ಅಂದರೆ ಉಪ್ಪಿಟ್ಟು. ನಮ್ಮಜ್ಜಿಯ ಅಡಿಗೆಮನೆ ಹೀಗೇ ನಡೆಯುತ್ತಿತ್ತು. ಏನು ತಿಂಡಿ ಅಂತ ಯಾರೂ ಕೇಳುತ್ತಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ.

ಪ್ರಶ್ನೆಯನ್ನೇ ಒಮ್ಮೆ ತಿರುಗಿಸಿ ನೋಡಿ

ಇನ್ನು ಕತ್ತರಿ ಬೀಳುವಂಥವು. ಇಲ್ಲಿ ಬಹಳ ಜನ ಎಡವುವುದು ಪ್ರಶ್ನೆಯಲ್ಲೇ. "ಬೋರ್ ಹೊಡೆಸೋದಾ, ಬೇಡವಾ?" ಅಂತ ನಮ್ಮ ಜಗಲಿಯ ಮೇಲೆ ಎಂಟು ದಿನ ಚರ್ಚೆ ನಡೆಯಿತು. ಇದು ಹೌದು ಇಲ್ಲದ ಪ್ರಶ್ನೆ, ಮೂರನೇ ದಾರಿಗೆ ಜಾಗವೇ ಇಲ್ಲ. ಅಷ್ಟೇ ದುಡ್ಡಿನಲ್ಲಿ ಎರಡು ಹಸು ಕಟ್ಟಬಹುದಾ, ಕೃಷಿ ಹೊಂಡ ತೋಡಿಸಬಹುದಾ, ಅಡಿಕೆಯ ಆಸೆ ಬಿಟ್ಟು ಬದುವಿಗೆ ಹುಣಸೆ ಹಾಕಿ ರಾಗಿಯಲ್ಲೇ ಇರಬಹುದಾ ಅಂತ ಒಬ್ಬರೂ ಕೇಳಲಿಲ್ಲ. 2014ರಲ್ಲಿ ರಾಜ್ಯದಲ್ಲಿ ಕೃಷಿ ಹೊಂಡಕ್ಕೆ ಸಹಾಯಧನ ಕೊಡುವ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಸುತ್ತಮುತ್ತ ಹೊಂಡಗಳು ಕಣ್ಣಿಗೆ ಕಾಣುತ್ತಿದ್ದವು, ಆದರೂ ಹೊಳೆಯಲಿಲ್ಲ.

ಆದ್ದರಿಂದ ಕೊನೆಗೆ ಬರುವ "ಹೊಡೆಸೋದಾ, ಬೇಡವಾ" ತೆಗೆದುಹಾಕಿ, ನಿಮಗೆ ನಿಜವಾಗಿ ಬೇಕಾದದ್ದನ್ನು ಬರೆಯಿರಿ. ನಮಗೆ ಬೇಕಿದ್ದದ್ದು ಬೇಸಿಗೆಯಲ್ಲೂ ವಾರಕ್ಕಿಷ್ಟು ಅಂತ ಬರುವ ದುಡ್ಡು. ಬೋರ್ ಅದಕ್ಕೆ ಒಂದು ದಾರಿ ಮಾತ್ರ. ಕನಿಷ್ಠ ಮೂರು ದಾರಿ ಸಿಗುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

ಪಕ್ಕದ ಹತ್ತು ಬೋರ್ ಲೆಕ್ಕ

ಪಾಯಿಂಟ್ ನೋಡುವವರು ಬಂದಿದ್ದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆದಾಡಿದರು, ಒಂದು ಕಡೆ ಕಾಯಿ ಎದ್ದು ನಿಂತಿತು. "ಎರಡೂವರೆ ಇಂಚು ನೀರು" ಅಂದರು, ಬೋರಿನಿಂದ ಬರುವ ನೀರನ್ನು ನಮ್ಮ ಕಡೆ ಅಳೆಯುವುದು ಇಂಚಿನಲ್ಲೇ. ನಮಗೆ ಅಷ್ಟೇ ಸಾಕಾಯಿತು.

ಅವತ್ತು ನಾವು ಊರಲ್ಲಿ ಒಂದು ಸುತ್ತು ಹಾಕಿ, ಕಳೆದ ಎರಡು ಮೂರು ವರ್ಷದಲ್ಲಿ ಹೊಡೆಸಿದ ಹತ್ತು ಬೋರಿನಲ್ಲಿ ಎಷ್ಟರಲ್ಲಿ ನೀರು ಬಿತ್ತು, ಎಷ್ಟು ಅಡಿಗೆ, ಈಗ ಎಷ್ಟು ಉಳಿದಿವೆ ಅಂತ ಕೇಳಿದ್ದರೆ ಸಾಕಿತ್ತು. ನಮ್ಮದು ಗಟ್ಟಿ ಕಲ್ಲಿನ ನೆಲ. ನೀರು ನಿಂತಿರುವುದು ಬಂಡೆಯ ಬಿರುಕುಗಳಲ್ಲಿ, ಬಿರುಕು ಸಿಕ್ಕರೆ ನೀರು, ಇಲ್ಲದಿದ್ದರೆ ಪಕ್ಕದಲ್ಲೇ ಇದ್ದರೂ ಇಲ್ಲ. ಸಾಮಾನ್ಯವಾಗಿ ಆಳಕ್ಕೆ ಹೋದಂತೆ ಬಿರುಕುಗಳೂ ಕಮ್ಮಿಯಾಗುತ್ತವೆ. ಪಕ್ಕದ ಒಬ್ಬನಿಗೆ ಸಿಕ್ಕಿತು ಅನ್ನುವುದರಿಂದ ಏನೂ ತಿಳಿಯುವುದಿಲ್ಲ, ಹತ್ತು ಜನರ ಲೆಕ್ಕದಿಂದ ತಿಳಿಯುತ್ತದೆ.

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ತಮ್ಮ ಮೇಲೇ ನಡೆದ ಇಂಥ ಒಂದು ಕಥೆ ಹೇಳಿದ್ದಾರೆ. 1970ರ ದಶಕದಲ್ಲಿ ಇಸ್ರೇಲಿನ ಪ್ರೌಢಶಾಲೆಗಳಿಗೆ ಒಂದು ಪಠ್ಯಪುಸ್ತಕ ಬರೆಯುವ ತಂಡದಲ್ಲಿ ಅವರಿದ್ದರು. ಎಷ್ಟು ದಿನ ಬೇಕು ಅಂತ ಎಲ್ಲರೂ ಚೀಟಿಯಲ್ಲಿ ಬರೆದರು. ಹೆಚ್ಚು ಕಡಿಮೆ ಎರಡು ವರ್ಷ ಅಂತ ಬಂತು. ಆಮೇಲೆ ತಂಡದ ಪಠ್ಯಕ್ರಮ ತಜ್ಞರನ್ನು, ಇಂಥ ಬೇರೆ ತಂಡಗಳು ಎಷ್ಟು ಕಾಲ ತೆಗೆದುಕೊಂಡವು ಅಂತ ಕೇಳಿದರು. ಆ ಮನುಷ್ಯ ಯೋಚಿಸಿ, ಸುಮಾರು ನೂರಕ್ಕೆ 40 ತಂಡಗಳು ಮುಗಿಸಲೇ ಇಲ್ಲ, ಮುಗಿಸಿದವು ಏಳರಿಂದ ಹತ್ತು ವರ್ಷ ತೆಗೆದುಕೊಂಡವು ಅಂದರು. ಸ್ವಾರಸ್ಯ ಏನೆಂದರೆ ಚೀಟಿಯಲ್ಲಿ ಅವರೂ ಎರಡು ವರ್ಷದ ಆಸುಪಾಸಿನಲ್ಲೇ ಬರೆದಿದ್ದರು! ಲೆಕ್ಕ ತಲೆಯಲ್ಲಿತ್ತು, ತಮ್ಮ ತಂಡಕ್ಕೂ ಅದು ಅನ್ವಯಿಸುತ್ತದೆ ಅನ್ನಿಸಿರಲಿಲ್ಲ. ಪುಸ್ತಕ ಮುಗಿದದ್ದು ಎಂಟು ವರ್ಷಕ್ಕೆ.

ಮನೆ ಕಟ್ಟಿಸುವವರು ಇದನ್ನು ಎರಡು ಸಲ ಓದಿ. ಮೇಸ್ತ್ರಿ ಹೇಳಿದ ತಿಂಗಳನ್ನು ಪಕ್ಕಕ್ಕಿಡಿ. ಅದೇ ಮೇಸ್ತ್ರಿ ಕಟ್ಟಿದ ಹಿಂದಿನ ಮೂರು ಮನೆಯವರನ್ನು, ಗೃಹಪ್ರವೇಶ ಯಾವಾಗ ಅಂದುಕೊಂಡಿದ್ರಿ, ಯಾವಾಗ ಆಯ್ತು ಅಂತ ಕೇಳಿ.

ಅರ್ಧ ಹಾಳೆ, ಮೂರು ನಾಲ್ಕು ದಿನ

ಸಾಧಕ ಬಾಧಕ ಪಟ್ಟಿ ಎಲ್ಲರಿಗೂ ಗೊತ್ತು. 1772ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ತಮ್ಮ ಗೆಳೆಯ, ಇಂಗ್ಲೆಂಡಿನ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಬರೆದ ಕಾಗದದಲ್ಲಿ ಇದರ ಕ್ರಮವನ್ನು ವಿವರಿಸಿದ್ದಾರೆ. ಪ್ರೀಸ್ಟ್ಲಿ ಲಾರ್ಡ್ ಶೆಲ್ಬರ್ನ್ ಮನೆಯ ಗ್ರಂಥಪಾಲಕನ ಕೆಲಸಕ್ಕೆ ಸೇರಬೇಕೋ ಬೇಡವೋ ಅಂತ ಕೇಳಿದ್ದರು. ಏನು ಮಾಡಬೇಕೆಂದು ನಾನು ಹೇಳಲಾರೆ, ಹೇಗೆ ತೀರ್ಮಾನಿಸಬೇಕೆಂದು ಹೇಳಬಲ್ಲೆ ಅನ್ನುವುದು ಫ್ರಾಂಕ್ಲಿನ್ ಉತ್ತರ. ಅರ್ಧ ಹಾಳೆಗೆ ನಡುವೆ ಗೆರೆ ಎಳಿ, ಮೂರು ನಾಲ್ಕು ದಿನ ಹೊಳೆಹೊಳೆದ ಹಾಗೆ ಎರಡೂ ಕಡೆ ಬರೆಯುತ್ತಾ ಹೋಗು. ಆಮೇಲೆ ಸಮತೂಕದವನ್ನು ಹೊಡೆದುಹಾಕು, ಈ ಕಡೆಯ ಒಂದು ಆ ಕಡೆಯ ಎರಡಕ್ಕೆ ಸಮವಾದರೆ ಮೂರನ್ನೂ ಹೊಡೆದುಹಾಕು, ಉಳಿದದ್ದನ್ನು ನೋಡು. ಪ್ರೀಸ್ಟ್ಲಿ ಆ ಕೆಲಸಕ್ಕೆ ಸೇರಿದರು. ಆಮ್ಲಜನಕ ಅಂತ ಆಮೇಲೆ ಹೆಸರಾದ ಅನಿಲವನ್ನು 1774ರಲ್ಲಿ ಬೇರ್ಪಡಿಸಿದ್ದು ಆ ಯಜಮಾನರ ಆಶ್ರಯದಲ್ಲಿದ್ದಾಗಲೇ.

ನಾವು ಪಟ್ಟಿ ಮಾಡಿದರೂ ಎರಡು ವಿಷಯ ಬಿಡುತ್ತೇವೆ. ಒಂದೇ ಕೂತಲ್ಲಿ ಬರೆದು ಮುಗಿಸುತ್ತೇವೆ. ಬೆಳಿಗ್ಗೆಯ ಧೈರ್ಯ, ರಾತ್ರಿಯ ಹೆದರಿಕೆ ಎರಡೂ ಹಾಳೆಯ ಮೇಲೆ ಬರಬೇಕಾದರೆ ಮೂರು ದಿನವಾದರೂ ಬೇಕು. ಇನ್ನೊಂದು, ತೂಕ ನೋಡದೆ ಸಾಲು ಎಣಿಸುತ್ತೇವೆ. "ಆಫೀಸು ಹತ್ತಿರ", "ಕ್ಯಾಂಟೀನ್ ಚೆನ್ನಾಗಿದೆ", "ಪಾರ್ಕಿಂಗ್ ಇದೆ" ಮೂರು ಸಾಲು ಸೇರಿದರೂ "ಅಮ್ಮನ ಡಯಾಲಿಸಿಸ್ ಆ ಊರಲ್ಲಿ ಆಗಲ್ಲ" ಅನ್ನುವ ಒಂದು ಸಾಲಿಗೆ ಸಮ ಅಲ್ಲ.

1838ರಲ್ಲಿ ಚಾರ್ಲ್ಸ್ ಡಾರ್ವಿನ್ ಮದುವೆಯಾಗಬೇಕೋ ಬೇಡವೋ ಅಂತ ಇಂಥದೇ ಪಟ್ಟಿ ಮಾಡಿದ್ದ. ಬೇಡ ಅನ್ನುವ ಕಡೆ, ಪುಸ್ತಕಕ್ಕೆ ದುಡ್ಡು ಕಮ್ಮಿಯಾಗುತ್ತದೆ. ಬೇಕು ಅನ್ನುವ ಕಡೆ, ಏನೇ ಅಂದರೂ ನಾಯಿಗಿಂತ ವಾಸಿ. ಮುಂದಿನ ಜನವರಿಯಲ್ಲಿ ಎಮ್ಮಾಳನ್ನು ಮದುವೆಯಾದ. ಆ ಹಾಳೆ ಆಕೆಯ ಕಣ್ಣಿಗೆ ಬಿತ್ತೋ ಅನ್ನುವ ಕುತೂಹಲ ನನಗೆ ಯಾವಾಗಲೂ.

"ಬಿಡ್ತು ಅನ್ನು"

ಹಾಳೆ ತುಂಬಿದ ಮೇಲೆ ಮನೆಯವರನ್ನೆಲ್ಲ ಕೂರಿಸಿಕೊಂಡು ಒಂದು ಆಟ ಆಡಿ. ಒಂದು ವರ್ಷ ಕಳೆದಿದೆ, ಈ ಕೆಲಸ ನೆಲಕಚ್ಚಿದೆ ಅಂತ ಇಟ್ಟುಕೊಳ್ಳಿ. ಯಾಕೆ ಕೆಟ್ಟಿತು? ಒಬ್ಬೊಬ್ಬರೂ ಒಂದೊಂದು ಕಾರಣ ಹೇಳಬೇಕು. ಗ್ಯಾರಿ ಕ್ಲೈನ್ ಅನ್ನುವ ಮನಶ್ಶಾಸ್ತ್ರಜ್ಞ 2007ರಲ್ಲಿ ಇದನ್ನು ಪ್ರೀಮಾರ್ಟಂ ಅಂತ ಬರೆದರು, ಸಾಯುವ ಮುಂಚಿನ ಪೋಸ್ಟ್‌ಮಾರ್ಟಂ ಎಂಬ ಅರ್ಥದಲ್ಲಿ. "ಏನಾದರೂ ತೊಂದರೆ ಆಗಬಹುದಾ?" ಅಂದರೆ ಎಲ್ಲರೂ "ಏನಿಲ್ಲ, ಒಳ್ಳೇದಾಗತ್ತೆ" ಅಂತಾರೆ. ಕೆಟ್ಟುಹೋಗಿದೆ, ಕಾರಣ ಹೇಳಿ ಅಂದರೆ ಬಾಯಿ ಬಿಡುತ್ತಾರೆ.

ನಮ್ಮ ಮನೆಗಳಲ್ಲಿ ಒಂದು ಅಡ್ಡಿ ಇದೆ. ಅಶುಭ ಮಾತಾಡಿದ ಕೂಡಲೇ ಹಿರಿಯರು "ಥೂ, ಬಿಡ್ತು ಅನ್ನು" ಅಂತಾರೆ. ನಾನು ಈಗ ಮೊದಲೇ "ಬಿಡ್ತು" ಅಂದುಬಿಟ್ಟು ಶುರುಮಾಡುತ್ತೇನೆ. ಎರಡನೇ ಬೋರಿನ ಮುಂಚೆ ಹೀಗೆ ಕೂತಾಗ, ಯಾವತ್ತೂ ಬಾಯಿ ಹಾಕದ ಅತ್ತಿಗೆ ಮೆಲ್ಲಗೆ ಹೇಳಿದರು: "ನೀರು ಬಿದ್ರೂ ಮೋಟರ್‌ಗೆ, ಕೇಬಲ್ಲಿಗೆ, ಪೈಪಿಗೆ ದುಡ್ಡಿಲ್ದೆ ಹಂಗೇ ಮುಚ್ಚಿಟ್ಟಿದ್ದೀವಿ, ಮಾವ." ನಾವು ಕೊರೆಯುವ ಖರ್ಚು ಮಾತ್ರ ಲೆಕ್ಕ ಹಾಕಿದ್ದೆವು.

ನಿಲ್ಲಿಸುವ ಅಡಿಯನ್ನು ಮೊದಲೇ ಬರೆಯಿರಿ

ಈ ಲೇಖನದಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕಾನೆಮನ್ ಮತ್ತು ಅವರ ಜೊತೆಗಾರ ಏಮಾಸ್ ಟ್ವೆರ್ಸ್ಕಿ 1979ರಲ್ಲಿ ತೋರಿಸಿದ್ದು: ನೂರು ರೂಪಾಯಿ ಸಿಕ್ಕ ಖುಷಿಗಿಂತ ನೂರು ರೂಪಾಯಿ ಕಳೆದ ಸಂಕಟ ದೊಡ್ಡದು. 500 ಅಡಿಯಲ್ಲಿ ನಿಲ್ಲಿಸಿದರೆ ಅಲ್ಲಿವರೆಗಿನ ದುಡ್ಡು "ಹೋಯಿತು" ಅಂತ ಬಾಯಿಬಿಟ್ಟು ಒಪ್ಪಿಕೊಳ್ಳಬೇಕು. ಇನ್ನೆರಡು ರಾಡ್ ಇಳಿಸಿದರೆ ಆ ಒಪ್ಪಿಗೆಯನ್ನು ನಲವತ್ತು ಅಡಿ ಮುಂದಕ್ಕೆ ಹಾಕಬಹುದು. ಅಪ್ಪ ಕೊಂಡದ್ದು ನೀರನ್ನಲ್ಲ, ವಾಯಿದೆಯನ್ನು.

ಸರ್ಕಾರಗಳೂ ಹೀಗೇ. ಶಬ್ದಕ್ಕಿಂತ ವೇಗದ ಕಾಂಕಾರ್ಡ್ ವಿಮಾನಕ್ಕೆ ಬ್ರಿಟನ್ ಮತ್ತು ಫ್ರಾನ್ಸ್ 1962ರಲ್ಲಿ ಒಪ್ಪಂದ ಮಾಡಿಕೊಂಡವು. ಖರ್ಚು ಕೈಮೀರಿತು, ಲಾಭ ಬರುವುದಿಲ್ಲ ಅಂತ ಗೊತ್ತಾಗುತ್ತಾ ಬಂತು, ಆದರೂ ಇಷ್ಟು ಸುರಿದ ಮೇಲೆ ಬಿಡುವುದು ಹೇಗೆ ಅಂತ ಮುಂದುವರಿದರು. 1976ರಲ್ಲಿ ಪ್ರಯಾಣಿಕರ ಸೇವೆ ಶುರುವಾಯಿತು. ವಿಮಾನಯಾನ ಸಂಸ್ಥೆಗಳ ಸೇವೆಗೆ ಬಂದದ್ದು ಹದಿನಾಲ್ಕೇ ವಿಮಾನ.

ಎರಡನೇ ಬೋರಿಗೆ ಅಮ್ಮ ಕ್ಯಾಲೆಂಡರಿನ ಹಿಂದುಗಡೆ ಕೆಂಪು ಪೆನ್ನಿನಲ್ಲಿ ಬರೆದರು: "500 ಅಡಿ. ಹಸಿ ಬಂದ್ರೂ 500." ಕೆಳಗೆ ಅಪ್ಪನ ಸಹಿ. ಉಳಿದ ದುಡ್ಡನ್ನು ಅಪ್ಪನ ಜೇಬಿನಲ್ಲಿ ಬಿಡದೆ ಅಮ್ಮ ತಮ್ಮ ಹತ್ತಿರವೇ ಇಟ್ಟುಕೊಂಡರು. ಹಾಗೆಯೇ ನೀವೂ ಮಾಡಿ: ಅಂಕಿ ಇರಲಿ, "ಸ್ವಲ್ಪ ನೋಡೋಣ" ಬೇಡ. ಆಸೆ ಹುಟ್ಟಿಸುವ ಸೂಚನೆ ಬಂದರೆ ಏನು ಅನ್ನುವುದೂ ಅದರಲ್ಲೇ ಇರಲಿ. ಮತ್ತು ಮೀರದಂತೆ ನೋಡಿಕೊಳ್ಳುವವರು ಆ ರಾತ್ರಿ ಧೂಳಿನಲ್ಲಿ ನಿಂತಿರಬಾರದು. ಅಂಗಡಿ ಇಡುವವರಿಗೆ ಇದು ತಿಂಗಳು, ಶೇರು ಕೊಳ್ಳುವವರಿಗೆ ಬೆಲೆ, ಐಎಎಸ್ ಪರೀಕ್ಷೆ ಬರೆಯುವವರಿಗೆ ಎಷ್ಟನೇ ಸಲ ಅನ್ನುವುದು.

ಆಷಾಢದ ಉಪಕಾರ

"ಇವತ್ತೇ ಟೋಕನ್ ಕೊಡಿ ಸಾರ್, ನಾಳೆ ಬೇರೆ ಪಾರ್ಟಿ ಬರ್ತಿದಾರೆ." ಸೈಟ್ ನೋಡಲು ಹೋದವರು ಇದನ್ನು ಕೇಳಿಯೇ ಇರುತ್ತೀರಿ. ಅವಸರ ಯಾರದು ಅಂತ ಕೇಳಿಕೊಳ್ಳಿ. ಬಹುತೇಕ ಸಲ ಅದು ಮಾರುವವರದು. ಇಸಿ (ಋಣಭಾರ ಪತ್ರ) ತೆಗೆಸಿ, ಖಾತೆ ನೋಡಿ, ಮೂಲಪತ್ರಗಳನ್ನು ವಕೀಲರಿಗೆ ತೋರಿಸುವವರೆಗೆ ಒಂದು ರೂಪಾಯಿಯೂ ಬೇಡ. ಮುಖ ಮುರಿಯದೆ ತಪ್ಪಿಸಿಕೊಳ್ಳಲು ನಮ್ಮಲ್ಲಿ ಒಳ್ಳೊಳ್ಳೆ ಮಾತುಗಳಿವೆ: "ಮನೆಯವರನ್ನ ಒಂದ್ಮಾತು ಕೇಳಿ ಹೇಳ್ತೀನಿ", "ಆಷಾಢ ಕಳೀಲಿ". ಆಷಾಢದ ಮೇಲೆ ನನಗೆ ನಂಬಿಕೆ ಇಲ್ಲ, ಆದರೆ ಆ ಒಂದು ತಿಂಗಳ ಬಿಡುವು ಎಷ್ಟೋ ಮನೆಗಳ ದುಡ್ಡು ಉಳಿಸಿರಬೇಕು.

ಕೈಯಲ್ಲೊಂದು, ಮನಸ್ಸಿನಲ್ಲೊಂದು

ಪ್ರತಿ ವರ್ಷ ಸಿಇಟಿ ಕೌನ್ಸೆಲಿಂಗ್ ಹೊತ್ತಿಗೆ ನಮ್ಮ ಬೀದಿಯ ಮಕ್ಕಳು ಫೋನ್ ಹಿಡಿದುಕೊಂಡು ಬರುತ್ತಾರೆ. ಇಲ್ಲಿ ತೀರ್ಮಾನದ ಹಂತಗಳನ್ನು ಪರೀಕ್ಷಾ ಪ್ರಾಧಿಕಾರವೇ ಕಟ್ಟಿಕೊಟ್ಟಿದೆ, ಆದರೂ ಎರಡು ಕಡೆ ಜನ ತಪ್ಪುತ್ತಾರೆ. ಆಪ್ಷನ್ ಎಂಟ್ರಿಯಲ್ಲಿ "ಅದು ಹೇಗಿದ್ರೂ ಸಿಗಲ್ಲ" ಅಂತ ಇಷ್ಟದ ಕಾಲೇಜನ್ನು ಕೆಳಗೆ ಹಾಕುತ್ತಾರೆ. ಹಾಗೆ ಮಾಡಬೇಡಿ. ಸೀಟು ಹಂಚುವುದು ರ‍್ಯಾಂಕಿನ ಸರದಿಯಲ್ಲಿ, ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬರುತ್ತಾರೆ. ಮೇಲೆ ಸಿಗದ ಕಾಲೇಜು ಹಾಕಿದ್ದಕ್ಕೆ ಕೆಳಗಿನದು ತಪ್ಪುವುದಿಲ್ಲ. ಮನಸ್ಸಿನಲ್ಲಿ ಯಾವ ಕ್ರಮವೋ ಅದೇ ಕ್ರಮ ಬರೆಯಿರಿ.

ಇನ್ನೊಂದು, ಸೀಟು ಬಂದ ಮೇಲೆ ಚಾಯ್ಸ್ ಒತ್ತುವಾಗ. ಒಂದು ಅಂದರೆ ಒಪ್ಪಿಗೆ, ಸೇರಿಕೊಳ್ಳುತ್ತೇನೆ. ಎರಡು ಅಂದರೆ ಇದು ಕೈಯಲ್ಲಿರಲಿ, ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲಿನದು ಬಂದರೆ ಅದನ್ನು ಕೊಡಿ. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕು ಅಂದರೆ ನಮಸ್ಕಾರ. ಎರಡರಲ್ಲಿ ಮೇಲಿನದು ಸಿಕ್ಕರೆ ಕೈಯಲ್ಲಿದ್ದದ್ದು ತಾನೇ ರದ್ದಾಗುತ್ತದೆ. ಆದ್ದರಿಂದ ಎರಡು ಒತ್ತುವ ಮುಂಚೆ ಮೇಲಿರುವ ಪ್ರತಿಯೊಂದೂ ನಿಜಕ್ಕೂ ಇದಕ್ಕಿಂತ ಬೇಕಾದದ್ದೇ ಅಂತ ನೋಡಿಕೊಳ್ಳಬೇಕು. ಶುಲ್ಕದ ನಿಯಮಗಳು ಬದಲಾಗಬಹುದು, ಆಯಾ ಸಾಲಿನ ಸೂಚನೆ ಓದಿಯೇ ಒತ್ತಿ.

ಹೂವು ಯಾವ ಕಡೆ?

ಇಷ್ಟೆಲ್ಲ ಆದ ಮೇಲೂ ತಕ್ಕಡಿ ನಡುವೆ ನಿಲ್ಲಬಹುದು. ಆಗ ಅಮ್ಮ ದೇವಸ್ಥಾನಕ್ಕೆ ಹೋಗಿ ಪ್ರಸಾದ ಕೇಳುತ್ತಾರೆ. ಬಲಗಡೆಯ ಹೂವು ಬಿದ್ದರೆ ಆಗಲಿ, ಎಡಗಡೆ ಬಿದ್ದರೆ ಬೇಡ. ನಾನು ದೂರದಲ್ಲಿ ನಿಂತು ನೋಡುವವನು. ಆದರೆ ತಂಗಿಯ ಮದುವೆ ಮಾತಿನ ಹೊತ್ತಿನಲ್ಲಿ ನಡೆದದ್ದು ನೆನಪಿದೆ. ಅರ್ಧ ಗಂಟೆ ಕಾದರೂ ಹೂವು ಅಲುಗಲಿಲ್ಲ. ತಂಗಿಯ ಕಣ್ಣು ಮಾತ್ರ ಅಷ್ಟೂ ಹೊತ್ತು ಎಡಗಡೆಯ ಸೇವಂತಿಗೆಯ ಮೇಲೇ ಇತ್ತು. ಅಮ್ಮ ಅದನ್ನು ನೋಡಿದರು. ಹೂವು ಬೀಳುವ ಮುಂಚೆಯೇ "ಏಳು, ಹೋಗಾನ" ಅಂದರು. ಆ ಸಂಬಂಧ ಮುಂದುವರಿಯಲಿಲ್ಲ.

ಎರಡೂ ಸಮ ಅನ್ನಿಸಿದಾಗ ಚೀಟಿ ಎತ್ತಿ ನೋಡಿ. ಬಂದ ಚೀಟಿ ಓದಿದ ಕೂಡಲೇ ಹೊಟ್ಟೆಯಲ್ಲಿ ಏನಾಯಿತು ಅನ್ನುವುದನ್ನು ಗಮನಿಸಿ.

ಬರೆದಿಟ್ಟು ಮರೆತುಬಿಡಿ

ಕೊನೆಯ ಕೆಲಸ. ತಾರೀಖು, ಏನು ತೀರ್ಮಾನ, ಯಾಕೆ, ಏನಾಗಬಹುದು ಅಂದುಕೊಂಡಿದ್ದೀರಿ, ಆಗ ಏನು ಗೊತ್ತಿರಲಿಲ್ಲ. ನಾಲ್ಕೈದು ಸಾಲು ಸಾಕು. ಇಲ್ಲದಿದ್ದರೆ ಫಲ ಬಂದ ಮೇಲೆ ನೆನಪು ಕಥೆ ಬದಲಾಯಿಸುತ್ತದೆ. ಚೆನ್ನಾಗಿ ಆದರೆ "ನನಗೆ ಮೊದಲೇ ಗೊತ್ತಿತ್ತು", ಕೆಟ್ಟರೆ "ನಾನು ಬೇಡ ಅಂದಿದ್ದೆ".

ನಮ್ಮ ಎರಡನೇ ಬೋರ್ 500 ಅಡಿಗೆ ನಿಂತಿತು. ಅದರಲ್ಲೂ ನೀರು ಬರಲಿಲ್ಲ. ಉಳಿದ ದುಡ್ಡಿಗೆ ಎರಡು ಹಸು ಬಂದವು, ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹೋಗುತ್ತದೆ. ಮರುವರ್ಷ ಪಕ್ಕದ ಹೊಲದವರು ನಮ್ಮ ಬದುವಿಂದ ಮೂವತ್ತು ಮಾರು ದೂರದಲ್ಲಿ ಕೊರೆಸಿದರು, 560 ಅಡಿಗೆ ಎರಡು ಇಂಚು ನೀರು ಬಿತ್ತು. ಚಿಕ್ಕಪ್ಪ ಓಡಿ ಬಂದು, "ನೋಡ್ದಾ ಅಣ್ಣ, ಇನ್ನು ಅರವತ್ತೇ ಅರವತ್ತು ಅಡಿ!" ಅಂದರು. ಅಪ್ಪ ಒಳಗೆ ಹೋಗಿ ಹಳೇ ಕ್ಯಾಲೆಂಡರ್ ತಂದು ಹಿಂದುಗಡೆ ತಿರುಗಿಸಿ ಅವರ ಕೈಗೆ ಕೊಟ್ಟರು. ಚಿಕ್ಕಪ್ಪ ಓದಿ, ಸುಮ್ಮನೆ ಕಾಫಿ ಕುಡಿದು ಹೋದರು.

ಈಗ ಮೂರನೇ ಬೋರಿನ ಮಾತು ಶುರುವಾಗಿದೆ. ಅಮ್ಮ ಹೊಸ ಕ್ಯಾಲೆಂಡರಿನ ಹಿಂದೆ ಇನ್ನೂ ಏನೂ ಬರೆದಿಲ್ಲ. ಹತ್ತು ಬೋರ್ ಲೆಕ್ಕ ತರಲು ಅಪ್ಪನನ್ನು ಊರೊಳಕ್ಕೆ ಕಳಿಸಿದ್ದಾರೆ.